ಹಕ್ಕಿಯ ವಂಶ, ಹಕ್ಕಿಯ ಹೆಸರು

ವಿಶಾಖಪಟ್ಟಣದ ಬಳಿ ಪೂರ್ವಘಟ್ಟಗಳು ಕಡಲಿಗೆ ತೀರ ಸಮೀಪ ಬರುತ್ತವೆ. ನಗರದಂಚಿನ ಕಂಬಾಲಕೊಂಡದಿಂದ ಒಳನಾಡಿನ ಅನಂತಗಿರಿಯವರೆಗಿನ ಕಾಡುಗಳ ನೆರಳಿನಲ್ಲಿ, ಗುಬ್ಬಚ್ಚಿಗಿಂತ ತುಸು ಕಿರಿದಾದ, ಬೆನ್ನು ನೀಲಿಯಾಗಿ ಎದೆ ಕಿತ್ತಳೆಯಾದ ಹಕ್ಕಿಯೊಂದು ವಾಸಿಸುತ್ತದೆ. ದಕ್ಷಿಣಕ್ಕೆ, ವಿಜಯವಾಡದಲ್ಲಿ ಕೃಷ್ಣಾ ನದಿಯು ಬೆಟ್ಟಗಳ ನಡುವಿನಿಂದ ಕರಾವಳಿಯ ಬಯಲಿಗೆ ಇಳಿಯುತ್ತದೆ. ಆ ನದಿ ಹಾದುಬಂದ ಕರ್ನಾಟಕದ ಕಾಡು ತೋಪುಗಳಲ್ಲಿಯೂ ಇದೇ ಹಕ್ಕಿ ಉಂಟು. 1956ರಲ್ಲಿ ಭಾಷೆಯ ಆಧಾರದ ಮೇಲೆ ಎಳೆದ ಗಡಿ ಅದರ ಹರಹಿಗೆ ಅಡ್ಡಿಯಲ್ಲ. ಆದರೆ ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದು ಭಾಷೆಯ ಪ್ರಶ್ನೆಯೇ. ಆದ್ದರಿಂದ ಅದು ಕನ್ನಡ ಅಧ್ಯಯನದ ಪ್ರಶ್ನೆಯೂ ಹೌದು.

1843ರಲ್ಲಿ ಎಡ್ವರ್ಡ್ ಬ್ಲೈತ್ 'ಸಯಾರ್ನಿಸ್' ಎಂಬ ಜಾತಿಯನ್ನು ಸ್ಥಾಪಿಸಿದನು. ಈ ಪ್ರಭೇದಕ್ಕೆ ಸೈನ್ಯಾಧಿಕಾರಿ ಟಿಕೆಲ್‌ನ ಹೆಸರಿಟ್ಟನು. ಜಾತಿನಾಮಕ್ಕೆ ಗ್ರೀಕಿನಲ್ಲಿ 'ಕಡುನೀಲಿ ಹಕ್ಕಿ' ಎಂದರ್ಥ. ಇಪ್ಪತ್ತನೆಯ ಶತಮಾನದಲ್ಲಿ ಸಾಲಿಂ ಅಲಿ ಮತ್ತು ರಿಪ್ಲಿ ಅವರ ಕೈಪಿಡಿಯು ಇದನ್ನು 'ಮಸ್ಕಿಕಾಪ'ದೊಳಗೆ ಸೇರಿಸಿತು. ಅನಂತರ ಅದು ಮರಳಿ ಸಯಾರ್ನಿಸ್‌ಗೆ ಬಂತು. 2010ರಲ್ಲಿ ಪ್ರಕಟವಾದ ಡಿ.ಎನ್.ಎ. ಆಧಾರಿತ ಅಧ್ಯಯನವು 'ರೈನೋಮಿಯಾಸ್' ಜಾತಿಯ ಹಕ್ಕಿಗಳು ಒಂದೇ ಮೂಲದವಲ್ಲವೆಂದು ತೋರಿಸಿದ ಮೇಲೆ, ಅವುಗಳಲ್ಲಿ ಹಲವು ಸಯಾರ್ನಿಸ್‌ಗೆ ಸೇರಿದವು. ಹೀಗಾಗಿ ನಿಕೋಬಾರಿನ ಕಂದು ಹಕ್ಕಿಯೂ ಈಗ ಶಾಸ್ತ್ರದ ಲೆಕ್ಕದಲ್ಲಿ 'ಕಡುನೀಲಿ ಹಕ್ಕಿ'ಯೇ!

ಇದು ಶಾಸ್ತ್ರದ ದೋಷವಲ್ಲ. ಶಾಸ್ತ್ರನಾಮ ವಂಶವನ್ನು ಸೂಚಿಸುತ್ತದೆ. ವಂಶದ ತಿಳಿವಳಿಕೆ ಬದಲಾದಾಗ ಅದೂ ಬದಲಾಗಬೇಕು. ಆಡುನುಡಿಯ ಹೆಸರಿನ ಕರ್ತವ್ಯ ಬೇರೆ: ಕಣ್ಣೆದುರಿನ ಹಕ್ಕಿಯನ್ನು ಗುರುತಿಸಿಕೊಡುವುದು. ಈ ಎರಡನ್ನು ಬೆರೆಸಿದಾಗಲೇ ತೊಡಕು. ಇಂಗ್ಲಿಷಿನ ಪದವನ್ನು ಅನುಸರಿಸಿ ಬಂದ 'ನೊಣಹಿಡುಕ' ಎಂಬುದನ್ನೇ ನೋಡಬಹುದು. ಬಾಲದ ಉದ್ದನೆಯ ಗರಿಗಳಿಂದ ಪ್ರಸಿದ್ಧವಾದ ರಾಜಹಕ್ಕಿಯೂ ಬೀಸಣಿಗೆ ಬಾಲದ ಹಕ್ಕಿಯೂ ಇದೇ ಗುಂಪಿನವೆಂದು ಹಿಂದೆ ಭಾವಿಸಲಾಗಿತ್ತು. ಇಂದು ಅವು ಬೇರೆ ಬೇರೆ ಕುಟುಂಬಗಳಿಗೆ ಸೇರಿವೆ. ಆದರೂ 'ನೊಣಹಿಡುಕ' ಎಂಬುದನ್ನು ಕೈಬಿಡಬೇಕಿಲ್ಲ. ಅದನ್ನು ವಂಶದ ಹೆಸರೆಂದು ತಿಳಿಯದೆ ವೃತ್ತಿಯ ಹೆಸರೆಂದು ತಿಳಿದರೆ ಸಾಕು.

ಪ್ರಭೇದಗಳನ್ನು ಬೇರ್ಪಡಿಸಲು ಟಿಕೆಲ್‌ನ ಹೆಸರಿಗಿಂತ ಹಕ್ಕಿಯ ಕೊರಳೇ ಮೇಲು. ಟಿಕೆಲ್‌ನ ಹಕ್ಕಿಯ ಗಂಡಿಗೆ ಕೊರಳೂ ಎದೆಯೂ ಕಿತ್ತಳೆ. ಹಿಮಾಲಯದಲ್ಲಿ ಮರಿಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಇನ್ನೊಂದಕ್ಕೆ ಕೊರಳು ನೀಲಿ, ಎದೆ ಕಿತ್ತಳೆ. ಪಶ್ಚಿಮಘಟ್ಟಕ್ಕೇ ಸೀಮಿತವಾದ ಮೂರನೆಯದಕ್ಕೆ ಕೊರಳೂ ಎದೆಯೂ ನೀಲಿ, ಹೊಟ್ಟೆ ಬಿಳಿ. ಕಿತ್ತಳೆಗೊರಳು, ನೀಲಿಗೊರಳು, ಬಿಳಿಹೊಟ್ಟೆ ಎಂಬ ಮೂರು ವಿಶೇಷಣಗಳಿಂದ ಮೂರೂ ಬೇರೆಯಾಗುತ್ತವೆ. ನಾಳೆ ಜಾತಿನಾಮ ಮತ್ತೆ ಬದಲಾದರೂ ಇವು ಕೆಡುವುದಿಲ್ಲ.

ವಂಶವನ್ನು ಸೂಚಿಸದ ಹೆಸರು ಅಶಾಸ್ತ್ರೀಯವೆಂಬ ಆಕ್ಷೇಪ ಬರಬಹುದು. ಆದರೆ ಪಠ್ಯದಲ್ಲಿ ಶಾಸ್ತ್ರನಾಮವನ್ನು ಕನ್ನಡ ಲಿಪಿಯಲ್ಲಿಯೇ ಜೊತೆಗಿಟ್ಟರೆ ಆ ಕೊರತೆ ನೀಗುತ್ತದೆ. ಇನ್ನು ಹೊಸ ಹೆಸರು ಕಟ್ಟುವ ಮೊದಲು ಇರುವ ಹೆಸರನ್ನು ಕೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜೆರ್ಡನ್ ತನ್ನ ಭಾರತೀಯ ಪಕ್ಷಿಗಳ ಗ್ರಂಥದಲ್ಲಿ ಹಲವು ಹಕ್ಕಿಗಳ ತೆಲುಗು ಹೆಸರುಗಳನ್ನು ದಾಖಲಿಸಿದ್ದನು. ಕನ್ನಡದ ನಿಘಂಟುಗಳಲ್ಲಿಯಾದರೋ ಎಷ್ಟೋ ಪದಗಳ ಮುಂದೆ 'ಒಂದು ಬಗೆಯ ಹಕ್ಕಿ' ಎಂಬುದಷ್ಟೇ ಅರ್ಥವಾಗಿ ನಿಂತಿದೆ. ಅದು ಯಾವ ಹಕ್ಕಿಯೆಂದು ಬಲ್ಲವರು ಕಾಡಂಚಿನ ಊರುಗಳಲ್ಲಿ ಇನ್ನೂ ಇರುವಾಗಲೇ ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಅವರ ಬಳಿಗೆ ಹೋಗಬೇಕಾಗಿದೆ.