ಸರದಿಯ ಹೆಸರು, ಸ್ಥಿರವಾದ ಗುರುತು

ಕ್ಯಾಸಂಬಳ್ಳಿಯ ಸುತ್ತಣ ವಿದ್ಯಾರ್ಥಿಗಳಿಗೆ ಬಂಗಾರಪೇಟೆಯ ರೈಲು ನಿಲ್ದಾಣವು ಅಪರಿಚಿತವಾದುದಲ್ಲ. ರೈಲ್ವೆಯವರು ಆ ನಿಲ್ದಾಣಕ್ಕೆ ಇಟ್ಟಿರುವ ಸಂಕೇತಾಕ್ಷರಗಳು ‘ಬಿಡಬ್ಲ್ಯೂಟಿ’. ಬಂಗಾರಪೇಟೆ ಎಂಬ ಹೆಸರಿನಲ್ಲಿ ‘ಡಬ್ಲ್ಯೂ’ ಎಲ್ಲಿಂದ ಬಂದಿತು? 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರಿನಿಂದ ಈ ಊರನ್ನು ಹಿಂದೆ ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದರು. ಆ ಅಕ್ಷರವು ಅಂದಿನಿಂದ ಉಳಿದುಬಂದುದು. ಫಲಕದ ಮೇಲಿನ ಹೆಸರು ಬದಲಾಯಿತು, ಸಂಕೇತವು ಬದಲಾಗಲಿಲ್ಲ. ಬೆಂಗಳೂರು ನಗರ ನಿಲ್ದಾಣಕ್ಕೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನಿಟ್ಟಾಗಲೂ ‘ಎಸ್‌ಬಿಸಿ’ ಎಂಬ ಹಳೆಯ ಸಂಕೇತವೇ ನಿಂತಿತು. ಜನರು ಕರೆಯುವ ಹೆಸರು ಬೇರೆ, ವ್ಯವಸ್ಥೆಯು ಹಿಡಿದು ನಡೆಯುವ ಗುರುತು ಬೇರೆ ಎಂಬ ವಿವೇಕವು ಇಲ್ಲಿದೆ. ಗಣಕಯಂತ್ರದ ಉಪಕರಣಗಳ ವಿಷಯದಲ್ಲಿಯೂ ಈ ವಿವೇಕವನ್ನು ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲಿಯೇ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಗಣಕದ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ‘ಕರ್ನೆಲ್’ ಎಂದು ಹೆಸರು. ಡಿಸ್ಕು, ಕೀಲಿಮಣೆ, ಜಾಲದ ಕಾರ್ಡು ಮೊದಲಾದ ಉಪಕರಣಗಳೊಡನೆ ನೇರವಾಗಿ ವ್ಯವಹರಿಸುವುದು ಅದರ ಕೆಲಸ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನೆಲನ್ನೇ ನೋಡೋಣ. ಅದು ಪ್ರತಿಯೊಂದು ಡಿಸ್ಕಿಗೂ ಎರಡು ಸಂಖ್ಯೆಗಳನ್ನು ಕೊಡುತ್ತದೆ. ಮೊದಲನೆಯದು ಡಿಸ್ಕನ್ನು ನಡೆಸುವ ಚಾಲಕ ತಂತ್ರಾಂಶವನ್ನೂ, ಎರಡನೆಯದು ಆ ವರ್ಗದಲ್ಲಿ ಇದು ಯಾವುದೆಂಬುದನ್ನೂ ಸೂಚಿಸುತ್ತದೆ. ಸ್ಕಸಿ ವರ್ಗದ ಮೊದಲ ಡಿಸ್ಕಿಗೆ 8 ಮತ್ತು 0, ಎರಡನೆಯದಕ್ಕೆ 8 ಮತ್ತು 16. ನಡುವಣ 15 ಸಂಖ್ಯೆಗಳು ಮೊದಲ ಡಿಸ್ಕಿನ ವಿಭಾಗಗಳಿಗೆ ಮೀಸಲು. ಇವುಗಳಿಗೆ ಕ್ರಮವಾಗಿ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳುಂಟು. ಇಂದಿನ ಸಾಟಾ ಡಿಸ್ಕುಗಳೂ ಸಾಮಾನ್ಯವಾದ ಪೆನ್‌ಡ್ರೈವ್‌ಗಳೂ ಇದೇ ಪಂಕ್ತಿಯಲ್ಲಿ ಬರುತ್ತವೆ.

ತೊಡಕು ಇರುವುದು ಇಲ್ಲಿಯೇ. ‘ಎ’, ‘ಬಿ’ ಎಂಬ ಅಕ್ಷರಗಳು ಡಿಸ್ಕಿನ ಗುಣವನ್ನಾಗಲಿ ಸ್ಥಾನವನ್ನಾಗಲಿ ಹೇಳುವುದಿಲ್ಲ. ಕರ್ನೆಲಿನ ಕಣ್ಣಿಗೆ ಯಾವುದು ಮೊದಲು ಬಿದ್ದಿತೆಂಬುದನ್ನು ಮಾತ್ರ ಹೇಳುತ್ತವೆ. ಹೊಸದೊಂದು ಡಿಸ್ಕನ್ನು ಜೋಡಿಸಿದರೆ, ಅಥವಾ ಒಂದು ಡಿಸ್ಕು ಎಚ್ಚರಗೊಳ್ಳಲು ತುಸು ತಡಮಾಡಿದರೆ, ನಿನ್ನೆಯ ‘ಎಸ್‌ಡಿಎ’ ಇಂದು ‘ಎಸ್‌ಡಿಬಿ’ ಆಗಬಹುದು. ತರಗತಿಗೆ ಮೊದಲು ಬಂದವನನ್ನು ಒಂದನೆಯವನೆಂದು ಕರೆದು, ಪ್ರತಿದಿನವೂ ಆ ಸಂಖ್ಯೆಯ ಎದುರಿಗೆ ಅಂಕಗಳನ್ನು ಬರೆಯುತ್ತ ಹೋಗುವ ಉಪಾಧ್ಯಾಯರನ್ನು ಯಾರು ತಾನೆ ಮೆಚ್ಚುವರು? ಹಾಗಿದ್ದರೂ ಈ ಸರದಿಯ ಹೆಸರುಗಳನ್ನೇ ಕೈಪಿಡಿಯಿಂದ ನಕಲುಮಾಡಿ ಆಜ್ಞೆ ಕೊಡುವ ಅಭ್ಯಾಸವು ಸುಲಭವಾಗಿ ಬೆಳೆಯುತ್ತದೆ. ‘ಡಿಡಿ’ ಎಂಬ ಆಜ್ಞೆಯು ಹೇಳಿದ ಡಿಸ್ಕಿನ ಮೇಲೆ ಮರುಪ್ರಶ್ನೆ ಮಾಡದೆ ಬರೆದುಬಿಡುತ್ತದೆ. ಒಂದಕ್ಷರ ತಪ್ಪಿದರೆ ಪೆನ್‌ಡ್ರೈವಿಗೆ ಬದಲಾಗಿ ಶಾಲೆಯ ದಾಖಲೆಗಳಿರುವ ಡಿಸ್ಕೇ ಅಳಿದುಹೋದೀತು.

ಹಾಗಾದರೆ ಕರ್ನೆಲೇ ಒಳ್ಳೆಯ ಹೆಸರನ್ನು ಇಡಬಾರದೆ ಎಂದು ಕೆಲವರು ಕೇಳಬಹುದು. ಇದು ಸಾಧುವಲ್ಲವೆಂದು ನಮಗೆ ತೋರುತ್ತದೆ. ಹೆಸರಿಡುವ ನೀತಿಗಳು ಹಲವು, ಅವುಗಳಲ್ಲಿ ನಿರ್ದೋಷವಾದುದು ಒಂದೂ ಇಲ್ಲ. 2013ರಲ್ಲಿ ಸಿಸ್ಟಂಡಿ ಎಂಬ ತಂತ್ರಾಂಶವು ಜಾಲದ ಕಾರ್ಡುಗಳ ‘ಎಥ್0’ ಎಂಬ ಸರದಿಯ ಹೆಸರನ್ನು ಬಿಟ್ಟು, ‘ಇಎನ್‌ಪಿ3ಎಸ್0’ ಎಂಬಂಥ ಹೆಸರನ್ನು ತಂದಿತು. ಈಥರ್ನೆಟ್ ಕಾರ್ಡು, ಮೂರನೆಯ ಸಂಖ್ಯೆಯ ಬಸ್, ಸೊನ್ನೆಯ ಸ್ಲಾಟ್ ಎಂದು ಇದರ ಅರ್ಥ. ಸ್ಥಾನವನ್ನು ಹೇಳುವ ಈ ಹೆಸರು ಸರದಿಯ ಹೆಸರಿಗಿಂತ ಮೇಲು. ಆದರೆ ಕಾರ್ಡನ್ನು ಬೇರೆ ಸ್ಲಾಟಿಗೆ ಸೇರಿಸಿದರೆ ಹೆಸರೂ ಬದಲಾಗುತ್ತದೆ. ಡಿಸ್ಕಿನ ವಿಭಾಗದೊಳಗೆ ಬರೆದಿರುವ 128 ಬಿಟ್‌ಗಳ ಯುಯುಐಡಿ ಗುರುತು ಎಲ್ಲಿ ಹೋದರೂ ಜೊತೆಯಲ್ಲಿಯೇ ಹೋಗುತ್ತದೆ; ಆದರೆ ಡಿಸ್ಕನ್ನು ಯಥಾವತ್ತಾಗಿ ನಕಲುಮಾಡಿದರೆ ಒಂದೇ ಗುರುತಿನ ಎರಡು ವಿಭಾಗಗಳು ಹುಟ್ಟುತ್ತವೆ. ಮನುಷ್ಯರಿಡುವ ಹೆಸರಿಗೂ ಮಿತಿಯುಂಟು. ಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ವಿಭಾಗದ ಹೆಸರಿಗೆ ಇರುವ ಸ್ಥಳ 16 ಬೈಟ್‌ಗಳು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವರಚಿಹ್ನೆಗೂ 3 ಬೈಟ್‌ಗಳು ಬೇಕು. ‘ಕೋಲಾರ’ 15 ಬೈಟ್‌ಗಳಲ್ಲಿ ಹಿಡಿಯುತ್ತದೆ. 27 ಬೈಟ್‌ಗಳ ‘ಬಂಗಾರಪೇಟೆ’ ಹಿಡಿಯದು!

ಆದುದರಿಂದ ಕರ್ನೆಲ್ ಸಂಖ್ಯೆಯನ್ನೂ ತಾತ್ಕಾಲಿಕವಾದ ಹೆಸರನ್ನೂ ಕೊಟ್ಟು ಸುಮ್ಮನಾಗುವುದೇ ಸರಿ. ಉಳಿದ ಕೆಲಸವನ್ನು 2003ರಲ್ಲಿ ಬಂದ ‘ಯುಡೆವ್’ ಎಂಬ ಹೊರಗಣ ತಂತ್ರಾಂಶವು ಮಾಡುತ್ತದೆ. ಒಂದೇ ಡಿಸ್ಕಿಗೆ ತಯಾರಕರ ಕ್ರಮಸಂಖ್ಯೆ, ಯುಯುಐಡಿ, ಸ್ಥಾನ ಇವುಗಳಲ್ಲಿ ಒಂದೊಂದರಿಂದಲೂ ಅದು ಪರ್ಯಾಯ ನಾಮಗಳನ್ನು ಕಲ್ಪಿಸುತ್ತದೆ. ಯಾವ ಕೆಲಸಕ್ಕೆ ಯಾವುದು ತಕ್ಕದ್ದೆಂದು ಆರಿಸುವ ಹೊಣೆ ಬಳಸುವವನದು.

ಈ ಹೊಣೆಯನ್ನು ಹೊರುವ ಶಿಕ್ಷಣವೇ ಬೇಕಾದುದು. ಪ್ರಯೋಗಶಾಲೆಯ ಕೈಪಿಡಿಗಳಲ್ಲಿ ‘ಎಸ್‌ಡಿಬಿ’ ಎಂದು ಅಚ್ಚುಹಾಕುವುದನ್ನು ಬಿಟ್ಟು, ಡಿಸ್ಕಿನ ಗಾತ್ರವನ್ನೂ ಕ್ರಮಸಂಖ್ಯೆಯನ್ನೂ ನೋಡಿ ಗುರುತಿಸುವ ಕ್ರಮವನ್ನು ಅಚ್ಚುಹಾಕಬೇಕು. ಶಾಶ್ವತವಾದ ಏರ್ಪಾಡುಗಳಲ್ಲೆಲ್ಲ ಸರದಿಯ ಹೆಸರಿಗೆ ಬದಲಾಗಿ ಸ್ಥಿರವಾದ ಗುರುತನ್ನೇ ಬರೆಯಬೇಕು. ಅಳಿಸುವ ಆಜ್ಞೆಯನ್ನು ಕೊಡುವ ಮುನ್ನ, ತಾವು ಬರೆದ ಹೆಸರು ಯಾವ ವಸ್ತುವನ್ನು ಸೂಚಿಸುತ್ತದೆಂದು ವಿದ್ಯಾರ್ಥಿಗಳು ತಮ್ಮನ್ನೇ ಕೇಳಿಕೊಳ್ಳಲಿ. ಆ ಒಂದು ಪ್ರಶ್ನೆಗೆ ಅರೆನಿಮಿಷ ಸಾಕು. ಕಳೆದುಹೋದ ದಾಖಲೆಗಳನ್ನು ಮತ್ತೆ ಬರೆಯಲು ವರ್ಷವೂ ಸಾಲದು.