ಪರಸ್ಥಳದ ಉಪಾಧ್ಯಾಯಿನಿಗೆ

ಸೋದರಿಯರೇ, ಪರಸ್ಥಳದ ಶಾಲೆಗೆ ಹೊಸದಾಗಿ ಹೋಗುವವಳು ಕಲಿಸುವುದಕ್ಕೆ ಮೊದಲು ಕೇಳುವುದನ್ನು ಅಭ್ಯಾಸಮಾಡಿಕೊಳ್ಳಬೇಕು.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳನ್ನೇ ನೋಡಿರಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ 1971ರ ಸುಮಾರಿನಲ್ಲಿ ಸರಕಾರವು ಅಲ್ಲಿ ನೆಲೆಯನ್ನು ಕೊಟ್ಟಿತು. ತುಂಗಭದ್ರೆಯ ಕಾಲುವೆಯ ಸೀಮೆಯಲ್ಲಿ ಭತ್ತವನ್ನು ಬೆಳೆದು ಅವರು ಬಾಳನ್ನು ಮರಳಿ ಕಟ್ಟಿಕೊಂಡರು. ಮನೆಯ ಮಾತು ಬಂಗಾಳಿ. ಊರಿನ ಮಾತು ಕನ್ನಡ.

ಇಂತಹ ಊರಿಗೆ ಹೋದವಳು ಮೊದಲ ದಿನವೇ ಸಹೋದ್ಯೋಗಿಗಳ ಮುಂದೆ “ನಮ್ಮ ಕಡೆ ಹೀಗಲ್ಲ” ಎಂದು ಆರಂಭಿಸಬಾರದು. ಬಹುಕಾಲದಿಂದ ಇರುವವರನ್ನು ಕೇಳಿ ಊರಿನ ರೀತಿಯನ್ನು ತಿಳಿಯುವುದು ಲೇಸು. ಮಕ್ಕಳ ಮನೆಗೆ ಕರೆದರೆ ಹೋಗಬೇಕು. ಮೀನು ಅವರಿಗೆ ಪ್ರಿಯವಾದ ಆಹಾರ. ತಿನ್ನದವಳು ಮೂಗು ಮುರಿಯದೆ, ಕೈಜೋಡಿಸಿ “ನನಗೆ ರೂಢಿಯಿಲ್ಲ ತಾಯಿ” ಎಂದರೆ ಯಾರಿಗೂ ನೋವಾಗದು.

ಬಂಗಾಳಿಯಲ್ಲಿ ‘ವ’ಕಾರವನ್ನು ‘ಬ’ಕಾರವಾಗಿಯೇ ಉಚ್ಚರಿಸುವರು. ಆದುದರಿಂದ ಎಳೆಯ ಮಗುವು ‘ವನ’ವನ್ನು ‘ಬನ’ವೆಂದು ಓದಿದರೆ ನಗುವುದು ಸಲ್ಲದು. ನಮ್ಮ ಕನ್ನಡದಲ್ಲಿಯೂ ವನವು ಬನವಾಗಿಲ್ಲವೇ? ಒಮ್ಮೆ ನಕ್ಕರೆ ಮಗುವು ಬಾಯಿ ಮುಚ್ಚುವುದು. ಮತ್ತೆ ತೆರೆಯಿಸಲು ವರ್ಷವೂ ಸಾಲದು. ತಿದ್ದುವುದನ್ನು ಬಳಿಗೆ ಕರೆದು ಮೆಲ್ಲಗೆ ತಿದ್ದಬೇಕು.

ಕಡೆಯದಾಗಿ, “ನೀವು ಎಲ್ಲಿಂದ ಬಂದವರು?” ಎಂದು ಆ ಮಕ್ಕಳನ್ನು ಕೇಳಲೇಬಾರದು. ವಲಸೆ ಬಂದವರು ಅವರ ಅಜ್ಜ ಅಜ್ಜಿಯರು. ಮಕ್ಕಳು ಹುಟ್ಟಿ ಬೆಳೆದುದು ಅದೇ ಮಣ್ಣಿನಲ್ಲಿ. ಅಲ್ಲಿ ಹೊರಗಿನಿಂದ ಬಂದವಳು ಉಪಾಧ್ಯಾಯಿನಿಯೇ ಎಂಬುದನ್ನು ಮರೆಯದಿರೋಣ.