ಯಾವ ಅಂಬಾಸಿಡರ್?

ಮೂರು ವರ್ಷಗಳ ಹಿಂದೆ ನಾನೊಂದು ಪ್ರಬಂಧ ಬರೆದಿದ್ದೆ. 1996ರಲ್ಲಿ ನಡೆದ ಅಕ್ಕನ ಮದುವೆಯ ದಿಬ್ಬಣಕ್ಕೆ ಬಂದಿದ್ದ ಬಿಳಿ ಅಂಬಾಸಿಡರ್ ಕಾರಿನ ಬಗ್ಗೆ. ಸ್ಟಿಯರಿಂಗ್ ಪಕ್ಕದ ಉದ್ದನೆಯ ಗೇರ್ ಕಡ್ಡಿ, ಡಗಡಗ ಎನ್ನುವ ಇಂಜಿನ್, ಸೋಫಾದಂಥ ಸೀಟು, ಐವತ್ತು ವರ್ಷ ಒಂದಿಷ್ಟೂ ಬದಲಾಗದ ಮುಖ, ಕಾಲಕ್ಕೆ ಬೆನ್ನು ತಿರುಗಿಸಿ ನಿಂತ ಆನೆ... ಇಂಥವೆಲ್ಲ ಅದರಲ್ಲಿದ್ದವು. ಓದಿದವರು ಮೆಚ್ಚಿದರು. ಕಣ್ಣು ತುಂಬಿ ಬಂತು ಎಂದು ಬರೆದವರೂ ಇದ್ದರು.

ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವರು. ಪೂರ್ತಿ ಕೇಳಿಸಿಕೊಂಡು, “ಯಾವ ಅಂಬಾಸಿಡರ್ ಕಣೋ ಅದು?” ಅಂದರು.

“ಅದೇ ಅಪ್ಪ, ಅಕ್ಕನ ಮದುವೆಗೆ ತರಿಸಿದ್ರಲ್ಲ.”

“ಅದು ಇಸುಜು ಇಂಜಿನ್ ಗಾಡಿ. ಗೇರು ಕೆಳಗಿತ್ತು. ಪೆಟ್ರೋಲು. ಡಗಡಗ ಅನ್ನಕ್ಕೆ ಅದೇನು ಡೀಸಲ್ ಗಾಡೀನಾ?”

ನನಗೆ ಮೊದಲು ಅವಮಾನವಾಯಿತು, ಆಮೇಲೆ ಕೋಪ ಬಂತು. ಗೇರು ಎಲ್ಲಿದ್ದರೇನು, ಭಾವ ಮುಖ್ಯವಲ್ಲವೆ ಎಂದು ವಾದಿಸಿದೆ. ಅಪ್ಪ ಮಾತು ಬೆಳೆಸಲಿಲ್ಲ. ಮದುವೆ ಆಲ್ಬಂ ತರಿಸಿದರು. ಅದರಲ್ಲೊಂದು ಫೋಟೋ: ಕಾರಿನ ಬಾಗಿಲು ತೆರೆದಿದೆ, ಅಕ್ಕ ಸೆರಗು ಹಿಡಿದುಕೊಂಡು ಇಳಿಯುತ್ತಿದ್ದಾಳೆ, ಮುಂದಿನ ಎರಡು ಬಿಡಿ ಸೀಟುಗಳ ನಡುವೆ ಗೇರಿನ ಕರಿಯ ಗುಂಡು ಎದ್ದು ಕಾಣುತ್ತಿದೆ. ಹಾಗಾದರೆ ನಾನು ನೆನಪಿಸಿಕೊಂಡದ್ದು ಯಾವುದನ್ನು? ಹಳೆಯ ಸಿನಿಮಾಗಳನ್ನು, ಬೇರೆಯವರ ಪ್ರಬಂಧಗಳನ್ನು. ನನ್ನ ಬಾಲ್ಯ ಎಂದು ಬರೆದದ್ದರಲ್ಲಿ ಅರ್ಧ ಎರವಲು ತಂದದ್ದು.

ತಪ್ಪು ನನ್ನೊಬ್ಬನದಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅಂಬಾಸಿಡರ್ ಬಗ್ಗೆ ನಾವು ಬರೆಯುವ ಪ್ರತಿಯೊಂದು ಬರಹದಲ್ಲೂ ‘ಬದಲಾಗದ ಕಾರು’ ಎಂಬ ಮಾತು ಬಂದೇ ಬರುತ್ತದೆ. ಅದು ಸುಳ್ಳು. ಅದನ್ನು ಯಾರೂ ಪ್ರಶ್ನಿಸದಿರುವುದು, ಬರೆಯುವವರಲ್ಲಿ ಯಾರೂ ಬಾನೆಟ್ ಎತ್ತಿ ನೋಡದಿರುವುದರಿಂದ.

ಮೊದಲಿನಿಂದ ನೋಡೋಣ. ಬಿ.ಎಂ. ಬಿರ್ಲಾ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುಮಾಡಿದ ಹಿಂದೂಸ್ತಾನ್ ಮೋಟಾರ್ಸ್, 1948ರಲ್ಲಿ ಕೋಲ್ಕತ್ತಾ ಬಳಿಯ ಉತ್ತರಪಾರಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಕಂಪನಿಯ ಕಾರುಗಳನ್ನೇ ಬೇರೆ ಬೇರೆ ಹೆಸರಿನಲ್ಲಿ ಮಾಡಿತು: ಹಿಂದೂಸ್ತಾನ್ 10, ಹಿಂದೂಸ್ತಾನ್ 14, ಬೇಬಿ ಹಿಂದೂಸ್ತಾನ್, 1954ರಲ್ಲಿ ಲ್ಯಾಂಡ್‌ಮಾಸ್ಟರ್. ಅಂಬಾಸಿಡರ್ ಬಂದದ್ದು 1957-58ರ ಹೊತ್ತಿಗೆ. ಅದು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಆ ಕಾಲಕ್ಕೆ ಅದೇನೂ ಹಿಂದುಳಿದ ಕಾರಲ್ಲ. ಕೆಳಗೆ ಬೇರೆ ಛಾಸಿಸ್ ಇಲ್ಲದೆ ಬಾಡಿಯೇ ಭಾರ ಹೊರುವ ರಚನೆ, ಮುಂದಿನ ಚಕ್ರಗಳಿಗೆ ಟಾರ್ಶನ್ ಬಾರ್, ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್. ಹಿಂದೆ ಮಾತ್ರ ಎತ್ತಿನ ಗಾಡಿಗೂ ಪರಿಚಯವಾಗುವಂಥ ಪಟ್ಟಿ ಸ್ಪ್ರಿಂಗು. ಇಂಗ್ಲೆಂಡಿನವರು 1959ರಲ್ಲಿ ಬೇರೆಯೇ ಆಕಾರದ ಹೊಸ ಆಕ್ಸ್‌ಫರ್ಡ್ ತಂದರು. ಹಳೆಯದು ನಮ್ಮಲ್ಲಿ ಉಳಿಯಿತು.

ಉಳಿದದ್ದು ಏನು? ಹೊರಗಿನ ತಗಡು. ಒಳಗಿನ ಇಂಜಿನ್ ಹಾಗೇ ಉಳಿಯಲಿಲ್ಲ. ಮೊದಲಿನ ಗಾಡಿಗಳಲ್ಲಿದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಇಂಜಿನ್. ಅದರಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇರುತ್ತವೆ. ಗಾಳಿ ಬಳಸು ದಾರಿಯಲ್ಲಿ ಬಂದು ಹೋಗಬೇಕು, ಹಾಗಾಗಿ ಶಕ್ತಿ ಕಡಿಮೆ. 1959ರಲ್ಲಿ ಅದನ್ನು ತೆಗೆದು ಬಿಎಂಸಿ ಕಂಪನಿಯ 1489 ಸಿಸಿಯ ‘ಬಿ ಸೀರೀಸ್’ ಇಂಜಿನ್ ಹಾಕಿದರು. ವಾಲ್ವು ತಲೆಯ ಮೇಲೆ ಬಂತು, ಶಕ್ತಿ 55 ಕುದುರೆಗೆ ಏರಿತು. ಎಂಜಿಎ ಎಂಬ ಚಂದದ ಸ್ಪೋರ್ಟ್ಸ್ ಕಾರು ಆಗ ಇಂಗ್ಲೆಂಡಿನ ಹುಡುಗರಿಗೆ ಹುಚ್ಚು ಹಿಡಿಸಿತ್ತು. ಅದರಲ್ಲಿದ್ದದ್ದೂ ಇದೇ ಕುಟುಂಬದ, ಇದೇ 1489 ಸಿಸಿಯ ಇಂಜಿನ್. ನಮ್ಮ ತಹಸೀಲ್ದಾರರ ಕಾರಿನೊಳಗೆ ಒಬ್ಬ ರೇಸುಗಾರನ ದಾಯಾದಿ ಕೂತಿದ್ದ ಅನ್ನಿ.

ಈ ಇಂಜಿನ್ನಿನ ವಿಷಯ ಬಂದರೆ ಅಪ್ಪ ಈಗಲೂ ಚುರುಕಾಗುತ್ತಾರೆ. ನಾಲ್ಕು ಸಿಲಿಂಡರಿಗೆ ಎಂಟು ದಾರಿ ಇರಬೇಕಲ್ಲ, ಈ ಹೆಡ್ಡಿನಲ್ಲಿ ಇದ್ದದ್ದು ಐದೇ. ಒಳಗೆ ಬರಲು ಎರಡು, ಹೊಗೆ ಹೋಗಲು ಮೂರು. ನಡುವಿನ ಎರಡು ಸಿಲಿಂಡರುಗಳು ಒಂದೇ ಬಾಗಿಲಿನಲ್ಲಿ ಹೊಗೆ ಬಿಡಬೇಕು. ಕೂಡು ಕುಟುಂಬದ ಬಚ್ಚಲುಮನೆ ಇದ್ದ ಹಾಗೆ. ಟ್ಯಾಪೆಟ್ ಸೆಟ್ಟಿಂಗಿಗೆ ‘ಹದಿನೈದು ಥೌ’, ಅಂದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿ ಅದರಲ್ಲಿ ಹದಿನೈದು. ಫೀಲರ್ ಗೇಜಿನ ಆ ಎಲೆ ಎಷ್ಟು ಬಿಗಿಯಾಗಿ ಜಾರಬೇಕು ಎನ್ನುವುದನ್ನು ನನ್ನ ಕೈ ಹಿಡಿದು ತೋರಿಸಿದ್ದರು. ಎಸ್‌ಯು ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೊಂದು ಪಿಸ್ಟನ್, ಅದರ ತುದಿಗೆ ಚೂಪಾಗುತ್ತಾ ಹೋಗುವ ಸೂಜಿ. ಆಕ್ಸಿಲರೇಟರ್ ಒತ್ತಿದಂತೆ ಪಿಸ್ಟನ್ ಮೇಲೇಳುತ್ತದೆ, ಸೂಜಿಯೂ ಏಳುತ್ತದೆ, ಸಂದು ಅಗಲವಾಗಿ ಪೆಟ್ರೋಲು ಹೆಚ್ಚು ಬರುತ್ತದೆ. ಪಿಸ್ಟನ್ ಗಡಿಬಿಡಿಯಲ್ಲಿ ಹಾರಬಾರದೆಂದು ಅದರ ನೆತ್ತಿಗೆ ಒಂದಿಷ್ಟು ಎಣ್ಣೆ. ಇಷ್ಟು ಸರಳ, ಇಷ್ಟು ಜಾಣ ವಸ್ತುವನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ. ಇದರ ಬಗ್ಗೆ ಒಂದು ಸಾಲನ್ನೂ ನನ್ನ ಪ್ರಬಂಧದಲ್ಲಿ ಬರೆದಿರಲಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ಮಾರ್ಕ್ 2 ಬಂತು, 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4. ಇವುಗಳಲ್ಲಿ ಬದಲಾದದ್ದು ಹೆಚ್ಚಾಗಿ ಮುಂದಿನ ಜಾಲರಿ, ದೀಪ, ಡ್ಯಾಶ್‌ಬೋರ್ಡು. ದೊಡ್ಡ ಬದಲಾವಣೆ 1980ರದು, ಡೀಸೆಲ್ ಇಂಜಿನ್. ಇದೂ ಬಿಎಂಸಿಯದೇ, ಇದೂ 1489 ಸಿಸಿ. ಇಂಗ್ಲೆಂಡಿನಲ್ಲಿ ಸಣ್ಣ ಟ್ರ್ಯಾಕ್ಟರಿಗೂ ದೋಣಿಗೂ ಕೂರಿಸುತ್ತಿದ್ದ ಇಂಜಿನ್. ಶಕ್ತಿ 37 ಕುದುರೆ. ಭಾರತದಲ್ಲಿ ತಯಾರಾದ ಮೊದಲ ಡೀಸೆಲ್ ಕಾರು ಇದು. ನಮ್ಮ ಕಡೆ ಅಂಬಾಸಿಡರ್ ಎಂದರೆ ಟ್ಯಾಕ್ಸಿ ಎಂದಾದದ್ದು ಬಹುಪಾಲು ಈ ಇಂಜಿನ್ನಿನಿಂದ. ಹತ್ತು ಜನರನ್ನು ತುಂಬಿಕೊಂಡು ಅರಸೀಕೆರೆಗೆ ಹೊರಟ ಆ ಡಗಡಗ ಇದರದು. ಬರಹಗಾರರು ಆ ಸದ್ದನ್ನು ಅರವತ್ತರ ದಶಕದ ಪೆಟ್ರೋಲ್ ಕಾರಿಗೂ ಧಾರಾಳವಾಗಿ ಹಚ್ಚುತ್ತಾರೆ. ನಾನು ಇಸುಜುವಿಗೇ ಹಚ್ಚಿದ್ದೆ.

ತೊಂಬತ್ತರ ದಶಕದ ಆರಂಭದಲ್ಲಿ ಬಂದ ಇಸುಜು ಇಂಜಿನ್ ಜಪಾನಿನ ಕಂಪನಿಯದು, 1.8 ಲೀಟರ್, 75 ಕುದುರೆ. ಪುಶ್‌ರಾಡ್ ಇಲ್ಲ, ಕ್ಯಾಮ್‌ಶಾಫ್ಟೇ ಹೆಡ್ಡಿನ ಮೇಲೆ. ಗೇರು ನಾಲ್ಕರಿಂದ ಐದಾಗಿ, ಸ್ಟಿಯರಿಂಗ್ ಬಿಟ್ಟು ನೆಲಕ್ಕೆ ಇಳಿಯಿತು. ಮುಂದೆ ಡಿಸ್ಕ್ ಬ್ರೇಕು, ಪವರ್ ಸ್ಟಿಯರಿಂಗು ಕೂಡ ಬಂದವು. 1958ರ ಕಾರನ್ನೂ ಈ ಕಾರನ್ನೂ ಅಕ್ಕಪಕ್ಕ ಬಿಚ್ಚಿ ಹಾಕಿದರೆ ಇಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ಬ್ರೇಕು ಬೇರೆ. ಹೊರಗಿನ ಗುಂಡನೆಯ ಬೆನ್ನು ಮಾತ್ರ ಒಂದೇ.

ತಮಾಷೆಯೆಂದರೆ, ಅಂಬಾಸಿಡರ್ ಕಂಡರಾಗದವರೂ ಇದೇ ಸುಳ್ಳನ್ನು ಹೇಳುತ್ತಾರೆ. ‘ಲೈಸೆನ್ಸ್ ರಾಜ್ ಕಾಲದ ಸೋಮಾರಿಗಳು ಐವತ್ತು ವರ್ಷ ಒಂದೇ ಕಾರು ಮಾರಿದರು’ ಎನ್ನುವುದು ಅವರ ಮಾತು. ಹಳೆಯದನ್ನು ನೆನೆದು ಕರಗುವವರೂ ಅದನ್ನು ಗೇಲಿ ಮಾಡುವವರೂ ಒಂದೇ ವಾಕ್ಯವನ್ನು ಬೇರೆ ಬೇರೆ ದನಿಯಲ್ಲಿ ಓದುತ್ತಿದ್ದಾರೆ. ಇಂಜಿನ್ ಬದಲಾದರೂ ಬಾಡಿ ಯಾಕೆ ಬದಲಾಗಲಿಲ್ಲ ಎಂಬ ಪ್ರಶ್ನೆ ಇಬ್ಬರಿಗೂ ಬೇಡ.

ಬಾಡಿ ಬದಲಿಸುವುದೆಂದರೆ ತಗಡು ಒತ್ತುವ ಡೈಗಳನ್ನು ಬದಲಿಸುವುದು. ಕಾರ್ಖಾನೆಯಲ್ಲಿ ಬಹಳ ದುಬಾರಿಯಾದ ಸಾಮಾನು ಅದು, ಲಕ್ಷಾಂತರ ಕಾರು ಮಾಡಿದರೆ ಮಾತ್ರ ಅಸಲು ಹುಟ್ಟುವುದು. ಎಷ್ಟು ಕಾರು ಮಾಡಬೇಕೆಂಬುದಕ್ಕೂ ಲೈಸೆನ್ಸ್ ಬೇಕಿದ್ದ, ವಿದೇಶಿ ವಿನಿಮಯವನ್ನು ಅಳೆದು ಕೊಡುತ್ತಿದ್ದ ದೇಶದಲ್ಲಿ ಯಾರು ಹೊಸ ಡೈ ತರಿಸುತ್ತಾರೆ? ಆಗ ಇದ್ದದ್ದೇ ಮೂರು ಕಾರು: ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. 1969ರಲ್ಲಿ ಸರ್ಕಾರ ಅವುಗಳ ಬೆಲೆಯನ್ನೂ ತಾನೇ ಕಟ್ಟಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಪೈಪೋಟಿಯಿಂದ ಕಾಪಾಡಿದ ಕೈಯೇ ಕತ್ತನ್ನೂ ಹಿಡಿದಿತ್ತು. ಕಂಪನಿಯನ್ನು ನಾನೇನೂ ಪಾರು ಮಾಡುತ್ತಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೂ, ಬೆಲೆಯ ಕಟ್ಟು ಹೋದ ಮೇಲೂ, ಐವತ್ತರ ದಶಕದ ಬಾಡಿಯೊಳಗೆ 75 ಕುದುರೆಯ ಇಂಜಿನ್ ಕೂರಿಸುವುದೇ ದಾರಿ ಎಂದು ಅವರು ನಂಬಿದರು. ಜನರ ‘ಪ್ರೀತಿ’ಗೆ ಇದ್ದ ಬೆಲೆ ಆಗ ಗೊತ್ತಾಯಿತು. ಬೇರೆ ಕಾರು ಸಿಕ್ಕಿದ್ದೇ ತಡ, ಮನೆಮಂದಿಗೆಂದು ಕಾರು ಕೊಳ್ಳುವವರು ಅತ್ತ ಹೋದರು. ಉಳಿದವರು ಟ್ಯಾಕ್ಸಿಯವರು ಮತ್ತು ಸರ್ಕಾರ.

ಸರ್ಕಾರಕ್ಕೆ ಬೇಕಾಗಿದ್ದದ್ದು ಆ ಹೊರ ಆಕಾರವೇ. ಬಿಳಿ ಬಣ್ಣ, ಗುಂಡು ಬೆನ್ನು, ಕಿಟಕಿಗೆ ಪರದೆ, ನೆತ್ತಿಯ ಮೇಲೆ ಕೆಂಪು ದೀಪ. ಅದು ಬಂದರೆ ಗೇಟು ತೆರೆಯುತ್ತದೆ, ಪೇದೆ ಸೆಲ್ಯೂಟ್ ಹೊಡೆಯುತ್ತಾನೆ. ಒಳಗೆ ಯಾರು ಎಂದು ಕೇಳುವ ರೂಢಿ ಇರಲಿಲ್ಲ. 2001ರ ಡಿಸೆಂಬರ್ 13ರಂದು ಸಂಸತ್ತಿನ ಆವರಣದೊಳಗೆ ಭಯೋತ್ಪಾದಕರು ಬಂದದ್ದು ಬಿಳಿ ಅಂಬಾಸಿಡರಿನಲ್ಲಿ. ಮೇಲೆ ಕೆಂಪು ದೀಪ, ಗಾಜಿನ ಮೇಲೆ ಗೃಹ ಸಚಿವಾಲಯದ ಸ್ಟಿಕರ್. ಅವರನ್ನು ತಡೆಯಲು ಹೋಗಿ ಭದ್ರತಾ ಸಿಬ್ಬಂದಿ ಜೀವ ಕೊಟ್ಟರು. ಒಬ್ಬ ತೋಟಗಾರನೂ ಸತ್ತ. ಆ ಕಾರು ‘ನಮ್ಮ ಹೆಮ್ಮೆಯ ಗಾಂಭೀರ್ಯ’ ಎಂದು ಬರೆಯುವಾಗ ನಮಗೆ ಇದು ನೆನಪಾಗುವುದಿಲ್ಲ. ಹೊರಗಿನ ತಗಡಿಗೆ ಸೆಲ್ಯೂಟ್ ಹೊಡೆಯುವುದರಲ್ಲಿ ಪ್ರಬಂಧಕಾರರೂ ಆ ಗೇಟಿನವರಿಗಿಂತ ಬೇರೆಯಲ್ಲ.

ಸಾಹಿತ್ಯವೇನು ರಿಪೇರಿ ಕೈಪಿಡಿಯೇ ಎಂದು ಗೆಳೆಯನೊಬ್ಬ ಕೇಳಿದ. ಅಲ್ಲ. ಆದರೆ ಅದೇ ಗೆಳೆಯ, ಕತೆಯಲ್ಲಿ ಯಾರಾದರೂ ಮುಂಗಾರಿನಲ್ಲಿ ಹುರುಳಿ ಕುಯ್ಯಿಸಿದರೆ ಲೇಖಕನನ್ನು ಸುಮ್ಮನೆ ಬಿಡುವುದಿಲ್ಲ. ಹೊಲದ ವಿಷಯಕ್ಕೆ ಇರುವ ಆ ನಿಷ್ಠುರತೆ ಗ್ಯಾರೇಜಿಗೆ ಯಾಕಿಲ್ಲ? ರೈತನ ಮಕ್ಕಳು ಕನ್ನಡದಲ್ಲಿ ಬರೆದಷ್ಟು ಮೆಕ್ಯಾನಿಕ್ಕಿನ ಮಕ್ಕಳು ಬರೆದಿಲ್ಲ ಎಂಬುದು ಒಂದು ಕಾರಣ ಇರಬಹುದು. ಬರೆದ ನಾನೊಬ್ಬ, ಹಿಂದಿನ ಸೀಟಿನಲ್ಲಿ ಕೂತು ಬರೆದೆ.

ಬಿಡಿಭಾಗದ ಅಂಗಡಿಗೆ ಹೋಗಿ ‘ಅಂಬಾಸಿಡರಿಗೆ ಕ್ಲಚ್ ಪ್ಲೇಟ್ ಕೊಡಿ’ ಎಂದರೆ ಯಾರೂ ಕೊಡುತ್ತಿರಲಿಲ್ಲ. ‘ಯಾವುದಕ್ಕೆ?’ ಎಂಬುದೇ ಅವರ ಮೊದಲ ಮಾತು. ಪೆಟ್ರೋಲೇ, ಡೀಸಲೇ, ಇಸುಜುವೇ? ಅಪ್ಪ ಹಳೆಯ ಪ್ಲೇಟನ್ನೇ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಕಳಿಸುತ್ತಿದ್ದರು, ನಾನು ತಪ್ಪು ಹೇಳುತ್ತೇನೆಂದು. ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂರಿಸಿಕೊಂಡ ಗಾಡಿಗಳೂ ಬರುತ್ತಿದ್ದವು. ಅವುಗಳ ಮೌಂಟಿಂಗ್, ಸೈಲೆನ್ಸರ್ ಎಲ್ಲ ಲೇತಿನವನೂ ವೆಲ್ಡಿಂಗಿನವನೂ ಸೇರಿ ಹೊಂದಿಸಿದ್ದು. ಒಂದೊಂದು ಗಾಡಿಯೂ ಒಂದೊಂದು ಮಾಡೆಲ್ಲು. ‘ಬದಲಾಗದ ಕಾರು’ ಎಂದಾಗ ಇಲ್ಲವಾಗುವುದು ಇವರ ಕೆಲಸ. ಉತ್ತರಪಾರಾದಲ್ಲಿ 2014ರ ಮೇ 24ರಂದು ಕೆಲಸ ನಿಂತಾಗ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಹೊರಗೆ ನಿಂತರು. ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಕಾರಿಗೆ ಶ್ರದ್ಧಾಂಜಲಿ. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಹೆಸರನ್ನು, ಕಾರನ್ನಲ್ಲ.

ನನ್ನ ಹಳೆಯ ಪ್ರಬಂಧ ಇನ್ನೂ ಓದಲು ಸಿಗುತ್ತದೆ. ಅದನ್ನು ಪ್ರಕಟಿಸಿದ ಸಂಪಾದಕರಿಗೆ ಕಳೆದ ವಾರ ಒಂದು ತಿದ್ದುಪಡಿ ಕಳಿಸಿದ್ದೇನೆ. ಎರಡನೆಯ ಪ್ಯಾರಾದಲ್ಲಿ ‘ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ’ ಎಂಬುದನ್ನು ‘ಸೀಟುಗಳ ನಡುವಿನ ಗೇರ್’ ಎಂದು ಓದಿಕೊಳ್ಳಬೇಕು, ‘ಡಗಡಗ’ ತೆಗೆಯಬೇಕು, ‘ಬದಲಾಗದ ಮುಖ’ ಇರುವ ವಾಕ್ಯವನ್ನು ಪೂರ್ತಿ ಕೈಬಿಡಬೇಕು. ಕಳಿಸುವ ಮೊದಲು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಇಸುಜು ಅಂತ ಹಾಕು, 1800 ಅಂತಲೂ ಹಾಕು. ಇಲ್ದಿದ್ರೆ ಯಾವುದು ಅಂತ ಗೊತ್ತಾಗಲ್ಲ” ಅಂದರು. ಹಾಕಿದೆ.